ಮಳೆ ಮುಗಿದ ಮೇಲೆ ಬರುವ ಉತ್ತರ ಯಾರಿಗೆ ಬೇಕು?

ಅರ್ಜಿ ಕೊಟ್ಟ 30 ದಿನದೊಳಗೆ ಉತ್ತರ ಕೊಡಬೇಕು ಅಂತ 2005ರ ಮಾಹಿತಿ ಹಕ್ಕು ಕಾಯ್ದೆ ಹೇಳುತ್ತದೆ. ಹಳೇ ಪಿಂಚಣಿ ಕಡತ ಕೇಳಿದವರು 30 ದಿನ ಕಾಯಬಹುದು. ಬರೆ (ಗುಡ್ಡದ ಕಡಿದಾದ ಮಗ್ಗುಲು) ಕಡಿಯಲು ಅನುಮತಿ ಕೊಟ್ಟವರು ಯಾರು ಅಂತ ಮೇ ತಿಂಗಳಲ್ಲಿ ಕೇಳಿದವರು ಹೇಗೆ ಕಾಯುವುದು? ಜೂನ್‌ನಲ್ಲಿ ಕೊಡಗಿಗೆ ಮಳೆ ಹಿಡಿಯುತ್ತದೆ.

ಕಳೆದ ಬೇಸಿಗೆಯಲ್ಲಿ ನಮ್ಮೂರಿನ ಹತ್ತಿರ ಜೆಸಿಬಿ ತಂದು ಗುಡ್ಡವನ್ನು ನೆಟ್ಟಗೆ ಕಡಿದರು. ಕೆಳಗೆ ತೋಟದ ಕಾರ್ಮಿಕರ ಲೈನ್ ಮನೆಗಳಿವೆ. ಭೂಪರಿವರ್ತನೆ ಆಗಿದೆಯಾ, ನೀರು ಹರಿದು ಹೋಗಲು ಏನು ಮಾಡಿದ್ದಾರೆ, ಇಷ್ಟೇ ಕೇಳಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕಿದೆ. ಗಡುವು ಮುಗಿಯುವ ಹೊತ್ತಿಗೆ ಹಿಂಬರಹ ಬಂತು: 'ಸದರಿ ವಿಷಯವು ಈ ಕಚೇರಿಗೆ ಸಂಬಂಧಿಸಿರುವುದಿಲ್ಲ, ಅರ್ಜಿಯನ್ನು ವರ್ಗಾಯಿಸಲಾಗಿದೆ.' ವರ್ಗಾಯಿಸುವುದಾದರೆ 5 ದಿನದೊಳಗೆ ಮಾಡಬೇಕು ಅಂತ ಕಾಯ್ದೆಯ 6(3)ರಲ್ಲೇ ಇದೆ. ಅಷ್ಟರಲ್ಲಿ ಬರೆಗೆ ನೀಲಿ ಟಾರ್ಪಾಲು ಹೊದಿಸಿದ್ದರು. ಅದರ ಅಂಚಿನಿಂದ ಕೆಂಪು ನೀರು ಇಳಿಯುತ್ತಿತ್ತು. "ಅಕ್ಕಾ, ಪೇಪರ್ ಬಂತಾ?" ಅಂತ ಲೈನ್ ಮನೆಯ ಹೆಂಗಸೊಬ್ಬರು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಪುಟಕ್ಕೆ ಇಷ್ಟು ಅಂತ ಶುಲ್ಕ ಕಟ್ಟಲು ಕೊನೇ ಗಳಿಗೆಯಲ್ಲಿ ಪತ್ರ ಬಂದರೆ, ನಾವು ದುಡ್ಡು ಕಟ್ಟುವ ತನಕದ ದಿನಗಳು ಆ 30ರ ಲೆಕ್ಕಕ್ಕೇ ಬರುವುದಿಲ್ಲ. ಮೊದಲ ಮೇಲ್ಮನವಿಗೆ ಮತ್ತೆ 30 ದಿನ, ಎಳೆದರೆ 45. ಆಮೇಲೆ ಮಾಹಿತಿ ಆಯೋಗ. ಅಲ್ಲಿ ಎಷ್ಟು ದಿನದಲ್ಲಿ ತೀರ್ಮಾನ ಆಗಬೇಕು ಅಂತ ಕಾಯ್ದೆಯಲ್ಲಿ ಗಡುವೇ ಇಲ್ಲ. ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಇದೆ, ನಿಜ. ಅದನ್ನು ಹಾಕಬೇಕಾದದ್ದೂ ಅದೇ ಆಯೋಗ.

ಜನರಿಗೆ ಮಾತ್ರ ಗಡುವು ಗಟ್ಟಿ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2024ರ ಜುಲೈ 31ಕ್ಕೆ ಬಂತು. ಆಕ್ಷೇಪಣೆಗೆ 60 ದಿನ. ಅದು ಕೊಡಗಿನಲ್ಲಿ ಜಡಿಮಳೆಯ ಕಕ್ಕಡ ತಿಂಗಳು. ಕರೆಂಟ್ ಇರಲ್ಲ, ನೆಟ್‌ವರ್ಕ್ ಇರಲ್ಲ. ಕರಡಿನ ಪರವೋ ವಿರೋಧವೋ, ಅದು ಬೇರೆ ಮಾತು. ಓದಿ ಬರೆಯಲು ಪುರುಸೊತ್ತಾದರೂ ಸಿಗಬೇಕಲ್ವಾ?

ಜೀವಕ್ಕೆ ಸಂಬಂಧಪಟ್ಟ ಮಾಹಿತಿಯನ್ನು 48 ಗಂಟೆಯೊಳಗೆ ಕೊಡಬೇಕು ಅಂತ 7(1)ರಲ್ಲಿದೆ. ಮನೆ ಮೇಲಿನ ಬರೆ ಜೀವಕ್ಕೆ ಸಂಬಂಧಪಟ್ಟದ್ದಲ್ಲ ಅಂದರೆ ಇನ್ನೇನು? 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದು ಏನಾಯಿತು ಅಂತ ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೊಡಗಿನ ಇಳಿಜಾರು, ಮಣ್ಣು, ಕಲ್ಲು ಕೋರೆಯ ಅರ್ಜಿಗಳಿಗೆಲ್ಲ ಈ 48 ಗಂಟೆಯೇ ಗಡುವಾಗಬೇಕು. ಅದಕ್ಕಿಂತ ಮೊದಲು, ಗುಡ್ಡ ಕಡಿಯಲು ಕೊಟ್ಟ ಪ್ರತಿ ಅನುಮತಿಯೂ ಮೇ ತಿಂಗಳೊಳಗೆ ಪಂಚಾಯಿತಿ ಬೋರ್ಡಿಗೆ ಬರಬೇಕು. ಕೇಳದೆಯೇ ಮಾಹಿತಿ ಪ್ರಕಟಿಸಿ ಅಂತ ಸೆಕ್ಷನ್ 4 ಹೇಳುವುದು ಇದನ್ನೇ.

ಅಲ್ಲಿಯವರೆಗೆ, ಅರ್ಜಿ ಹಾಕುವವರು ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಗೆ ಮೊದಲೇ ಹಾಕಿ. 7(1)ರ ಮಾತನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಕೆಳಗೆ ಯಾರ ಮನೆ ಇದೆ, ಎಷ್ಟು ಜನ ಮಲಗುತ್ತಾರೆ ಅಂತಲೂ ಬರೆಯಿರಿ. ಗಡುವು ಮೀರಿದರೆ ಶುಲ್ಕ ಕಟ್ಟಬೇಡಿ, 7(6)ರ ಪ್ರಕಾರ ಮಾಹಿತಿ ಉಚಿತ. ಸ್ವೀಕೃತಿಯ ಮೇಲೆ ತಾರೀಕು, ಸೀಲು ಇಲ್ಲದೆ ಕಚೇರಿಯಿಂದ ಹೊರಗೆ ಬರಬೇಡಿ.