ಸತ್ಯಾಂಶ: ವಿಜಯಪುರದ ಚಳಿಗೆ ಸ್ಲ್ಯಾಬ್ ಬಿರಿಯುತ್ತದೆಯೇ?

‘ಚಳಿಗೆ ಸ್ಲ್ಯಾಬಿನೊಳಗಿನ ನೀರು ಹೆಪ್ಪುಗಟ್ಟಿ ಬಿರುಕು ಬಿಡುತ್ತದೆ, ಕಾಂಕ್ರೀಟಿಗೆ ಉಪ್ಪು ಬೆರೆಸಿ’ ಎಂಬ ವಾಟ್ಸಾಪ್ ಸಂದೇಶವನ್ನು ವಿಜಯಪುರ, ಬಾಗಲಕೋಟೆಯಲ್ಲಿ ಮನೆ ಕಟ್ಟಿಸುವವರು ನಂಬಬೇಡಿ.

ಹೆಪ್ಪುಗಟ್ಟಿದ ನೀರು ಸುಮಾರು 9% ಹಿಗ್ಗುವುದು ನಿಜ. ನೀರು ತುಂಬಿದ ಸೂಕ್ಷ್ಮ ರಂಧ್ರಗಳಲ್ಲಿ ಜಾಗ ಸಾಲದೆ ಕೂದಲೆಳೆಯಷ್ಟು ಸೀಳು ಮೂಡುತ್ತದೆ. ಮಂಜುಗಡ್ಡೆ ಕರಗಿದಾಗ ಅದರೊಳಗೆ ಮತ್ತೆ ನೀರಿಳಿದು, ಮುಂದಿನ ಸಲ ಇನ್ನಷ್ಟು ಅಗಲವಾಗುತ್ತದೆ. ಆದರೆ ಅದಕ್ಕೆ ಲಡಾಖಿನ ಲೇಹ್‌ನಂತೆ ತಾಪಮಾನ ಶೂನ್ಯಕ್ಕಿಂತ ಕೆಳಗಿಳಿಯಬೇಕು. ನಮ್ಮ ಚಳಿ ಅಷ್ಟಿಲ್ಲ.

ಇಲ್ಲಿನ ಬಿರುಕಿಗೆ ಹೆಚ್ಚಾಗಿ ಕಾರಣ ಬಿಸಿಲು, ಒಣಗಾಳಿ, ಅತಿಯಾದ ನೀರು, ಎರೆಮಣ್ಣಿನ ಮೇಲಿನ ಅಡಿಪಾಯ. 50 ಕೆಜಿ ಸಿಮೆಂಟ್ ಚೀಲಕ್ಕೆ ಮರಳಿನ ತೇವವೂ ಸೇರಿ ನೀರು 25 ಲೀಟರ್ ಮೀರದಿರಲಿ. ಮೇಲ್ಮೈ ಬಿಗಿಯುತ್ತಲೇ ಒದ್ದೆ ಗೋಣಿಚೀಲ ಹೊದಿಸಿ, ಕನಿಷ್ಠ 10 ದಿನ ಕ್ಯೂರಿಂಗ್ ಮಾಡಿ, ಅಂದರೆ ಸದಾ ಒದ್ದೆಯಾಗಿಡಿ.

ಉಪ್ಪಂತೂ ಬೇಡವೇ ಬೇಡ: ಅದರ ಕ್ಲೋರೈಡ್‌ನಿಂದ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಸ್ಲ್ಯಾಬಿನ ಅಡಿಭಾಗ ಚಕ್ಕೆಚಕ್ಕೆಯಾಗಿ ಉದುರುತ್ತದೆ.