ಮಧ್ಯದಲ್ಲಿ ಎದ್ದು ಹೋಗುವಂತಿಲ್ಲ

ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಿನ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು ಇರುತ್ತದೆ. ಆ ಜಾಗ ಸಮುದ್ರ ಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಅನ್ನುವ ಲೆಕ್ಕ. ನಮ್ಮ ಬೆಂಗಳೂರಿನದು 900 ಮೀಟರಿನ ಆಸುಪಾಸು. ಸಮುದ್ರಕ್ಕೂ ನಮ್ಮೂರಿಗೂ ಇರುವ ಸರ್ಕಾರಿ ಸಂಬಂಧ ಇಷ್ಟೇ. ಉಳಿದದ್ದೆಲ್ಲ ಖಾಸಗಿ. ರಸೆಲ್ ಮಾರ್ಕೆಟ್ಟಿನಲ್ಲಿ ಐಸಿನ ಮೇಲೆ ಮಲಗಿದ ಬಂಗುಡೆ, ಮಂಗಳೂರು ಕಡೆಯವರ ಹೋಟೆಲಿನಲ್ಲಿ ಸಿಗುವ ಅಂಜಲ್ ಫ್ರೈ, ಆಮೇಲೆ ಗೆಳೆಯರ ಗುಂಪಿನಲ್ಲಿ ಯಾರಾದರೊಬ್ಬ ಆಗಾಗ ಎತ್ತುವ ಮಾತು: "ಮಲ್ಪೆಗೆ ಹೋಗಿ ದೋಣಿ ಹತ್ತಿ ಗಾಳ ಹಾಕೋಣ ಕಣ್ರೋ."

ಈ ಮಾತು ಎಲ್ಲರಿಗೂ ಇಷ್ಟ. ದಿನ ಗೊತ್ತು ಮಾಡುವುದು ಮಾತ್ರ ಯಾರ ಕೈಲೂ ಆಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಮೀನು ಹಿಡಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ, ಕಡಲೂ ಮಳೆಗೆ ಹುಚ್ಚೆದ್ದಿರುತ್ತದೆ. ಆಗಸ್ಟಿನಲ್ಲಿ ಅಲೆ ಇನ್ನಷ್ಟು ಇಳಿಯಲಿ ಅಂತ ಕಾಯುತ್ತೇವೆ. ಆಮೇಲೆ ಗಣೇಶನ ಹಬ್ಬ, ದಸರಾ, ಯಾರದೋ ನಾದಿನಿ ಮದುವೆ. ಮೀನಿಗೆ ವರ್ಷಕ್ಕೆ ಎರಡು ತಿಂಗಳು ರಜೆ ಕೊಟ್ಟಿದ್ದಾರೆ. ನಮಗೆ ಅದೂ ಇಲ್ಲ.

ಗೆಳೆಯರನ್ನು ಇಲ್ಲಿ ಅವರವರ ಏರಿಯಾ ಹೆಸರಿನಿಂದಲೇ ಕರೆಯುತ್ತೇನೆ. ಒಬ್ಬ ಯಲಹಂಕ, ಒಬ್ಬ ಬನಶಂಕರಿ, ಇನ್ನೊಬ್ಬ ವೈಟ್‌ಫೀಲ್ಡ್. ಕಾಲೇಜಿನಲ್ಲಿ ನಾವೆಲ್ಲ ಒಂದೇ ಥರ ಇದ್ದೆವು. ಈಗ ನಮ್ಮ ನಡುವೆ ಇರುವ ದೊಡ್ಡ ವ್ಯತ್ಯಾಸವೆಂದರೆ ಯಾರ ಮನೆಗೆ ಯಾವ ಫ್ಲೈಓವರ್ ಹತ್ತಬೇಕು ಅನ್ನುವುದು.

ಬೆಂಗಳೂರಿನಲ್ಲಿ ನಾಲ್ಕು ಜನ ಸೇರುವುದು ಹೇಗಿರುತ್ತದೆ, ನಿಮಗೂ ಗೊತ್ತಲ್ವಾ. ಒಬ್ಬ ಕೂರುವ ಮುಂಚೆಯೇ "ನಾನು ಬೇಗ ಹೊರಡಬೇಕು" ಅನ್ನುತ್ತಾನೆ. ಕಾಫಿ ಬರುವಷ್ಟರಲ್ಲಿ ಇನ್ನೊಬ್ಬ ಮೊಬೈಲಿನಲ್ಲಿ ಮ್ಯಾಪ್ ತೆಗೆದು "ಹೆಬ್ಬಾಳ ಈಗಲೇ ಕೆಂಪಾಗಿದೆ" ಎಂದು ಸಾರುತ್ತಾನೆ. ಮೂರನೆಯವನು ಬಂದಿರುವುದೇ ಇಲ್ಲ, ಪಾರ್ಕಿಂಗ್ ಹುಡುಕುತ್ತಿರುತ್ತಾನೆ. ಮಾತು ಒಂದು ಹದಕ್ಕೆ ಬಂತು ಅನ್ನುವಾಗ ಎಲ್ಲರೂ ಎದ್ದಿರುತ್ತಾರೆ. ವರ್ಷಗಟ್ಟಲೆ ನಾವು ಹೀಗೆ ಅರ್ಧರ್ಧ ಭೇಟಿಯಾಗುತ್ತ ಬಂದಿದ್ದೇವೆ.

ದೋಣಿಯಲ್ಲಿ ಈ ಆಟ ನಡೆಯುವುದಿಲ್ಲ. ಹತ್ತಿದವರೆಲ್ಲ ಒಟ್ಟಿಗೇ ಇಳಿಯಬೇಕು. ಇಳಿಯುವ ಹೊತ್ತನ್ನು ಹೇಳುವುದು ಗಾಳಿ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ನೀರು ಆಗುವುದಿಲ್ಲ. ಹಾಗಾಗಿ ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿನ ಕಡೆಗೆ ಬೀಸುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಅದೇ ಗಾಳಿ ತಿರುಗಿ ಕಡಲಿಂದ ನೆಲಕ್ಕೆ. ಹಾಯಿ ಕಟ್ಟುತ್ತಿದ್ದ ಕಾಲದಲ್ಲಿ ಹೋಗುವುದಕ್ಕೂ ಬರುವುದಕ್ಕೂ ಗಾಳಿ ಪುಕ್ಕಟೆ ಸಿಗುತ್ತಿತ್ತು. ಈಗ ಎಂಜಿನ್ ಇದೆ. ಆದರೂ ಮಧ್ಯಾಹ್ನದ ಗಾಳಿಗೆ ನೀರು ಕದಡುತ್ತದೆ ಅಂತ ದೋಣಿಯವರು ಆ ಲೆಕ್ಕದಲ್ಲೇ ಹೊರಡುತ್ತಾರೆ. ಅಲ್ಲಿಯವರೆಗೆ ನಾವು ಅವರ ವಶ.

ಅಂತೂ ಒಮ್ಮೆ ಹೊರಟೇಬಿಟ್ಟೆವು. ರಾತ್ರಿ ಬಸ್ಸು, ಶಿರಾಡಿ ಘಾಟಿಯ ತಿರುವು, ಉಡುಪಿಯಲ್ಲಿ ಇಳಿದ ಕೂಡಲೇ ಬೆವರು, ಬಂದರಿನಲ್ಲಿ ಮೀನಿನ ವಾಸನೆ. ಇವನ್ನೆಲ್ಲ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ಬಂದರಿನ ಮೇಲೆ ಸುತ್ತುವ ಗರುಡಗಳನ್ನು ಮಾತ್ರ ಹೇಳದೆ ಇರಲಾರೆ. ಬೆಂಗಳೂರಿನಲ್ಲಿ ಕೋಳಿ ಅಂಗಡಿಯ ಮೇಲೆ ಹದ್ದು ಸುತ್ತುವುದನ್ನು ನೋಡಿದವರಿಗೆ ಬಿಳಿ ತಲೆ, ಇಟ್ಟಿಗೆ ಬಣ್ಣದ ರೆಕ್ಕೆಯ ಈ ಹಕ್ಕಿ ಬೇರೆ ದರ್ಜೆಯದು ಅನಿಸುತ್ತದೆ. ಕೆಲಸ ಅದೇ, ಕದಿಯುವುದು.

ನಮ್ಮ ದೋಣಿಯವರಿಗೆ ಐವತ್ತು ದಾಟಿರಬೇಕು. ಲೈಫ್ ಜಾಕೆಟ್ ಕೊಟ್ಟು, ಬಕಲ್ ಹಾಕಿಕೊಳ್ಳುವವರೆಗೆ ಎಂಜಿನ್ ಎಳೆಯಲಿಲ್ಲ. ಸುಮಾರು ದೂರ ಹೋದ ಮೇಲೆ ಹಿಂದಿರುಗಿ ದಡ ನೋಡುತ್ತ, ದೋಣಿಯನ್ನು ಸ್ವಲ್ಪ ಅತ್ತ, ಸ್ವಲ್ಪ ಇತ್ತ ಸರಿಸಿದರು. ದಡದಲ್ಲೊಂದು ಮೊಬೈಲ್ ಟವರ್, ಅದರ ಹಿಂದೆ ದೂರದಲ್ಲಿ ಘಟ್ಟದ ಒಂದು ತುದಿ. ಎರಡೂ ಒಂದೇ ಗೆರೆಗೆ ಬರಬೇಕು. ಇನ್ನೊಂದು ದಿಕ್ಕಿಗೆ ಇನ್ನೊಂದು ಜೋಡಿ ಗುರುತು. ಎರಡು ಗೆರೆ ಸೇರುವ ಕಡೆ ನೀರಿನಡಿ ಕಲ್ಲು ಇದೆ, ಕಲ್ಲು ಇದ್ದಲ್ಲಿ ಮೀನು. ವೈಟ್‌ಫೀಲ್ಡ್ ತನ್ನ ಫೋನಿನಲ್ಲಿ ಜಿಪಿಎಸ್ ತೆಗೆದು ನೋಡಿದ. ಸುತ್ತ ಬರೀ ನೀಲಿ. ಫೋನನ್ನು ಸುಮ್ನೆ ಜೇಬಿಗೆ ಇಳಿಸಿದ.

ಲಂಗರು ಬಿದ್ದ ಮೇಲೆ ಶುರುವಾಗುವುದು ನಿಜವಾದ ಪರೀಕ್ಷೆ. ಓಡುವಾಗ ದೋಣಿ ಅಲೆಯನ್ನು ಸೀಳಿಕೊಂಡು ಹೋಗುತ್ತದೆ. ನಿಂತ ದೋಣಿ ಅಲೆ ಹೇಳಿದಂತೆ ಕೇಳುತ್ತದೆ. ಕಣ್ಣು ಎದುರಿಗಿರುವ ಹಲಗೆ ನೋಡಿ "ಅಲುಗಾಡುತ್ತಿಲ್ಲ" ಅನ್ನುತ್ತದೆ, ಒಳಕಿವಿ "ಅಲುಗಾಡುತ್ತಿದ್ದೀಯ" ಅನ್ನುತ್ತದೆ. ಇಬ್ಬರ ಜಗಳದಲ್ಲಿ ಬಡವಾಗುವುದು ಹೊಟ್ಟೆ. ತಲೆ ತಗ್ಗಿಸಿ ಗಾಳಕ್ಕೆ ಎರೆ ಸಿಕ್ಕಿಸುತ್ತಿದ್ದ ಬನಶಂಕರಿ ಮೊದಲು ಮಂಕಾದ, ಆಮೇಲೆ ಬೆಳ್ಳಗಾದ. "ದಡ ನೋಡಿ ಮಾರಾಯ್ರೆ, ಕೆಳಗೆ ನೋಡ್ಬೇಡಿ" ಅಂದರು ದೋಣಿಯವರು. ಅವನು ದಡ ನೋಡಿದ. ಹೋಗಬೇಕು ಅನ್ನಿಸಿತು ಅಂತ ಕಾಣುತ್ತದೆ, ನಮ್ಮ ಕಡೆ ತಿರುಗಿದ. "ಆಟೋ ಬುಕ್ ಮಾಡ್ಲಾ?" ಅಂದ ಯಲಹಂಕ. ಬನಶಂಕರಿ ಬಗ್ಗಿ ಅರಬ್ಬೀ ಸಮುದ್ರಕ್ಕೆ ತಿಂಡಿ ಒಪ್ಪಿಸಿ, ಬಾಯಿ ತೊಳೆದು, ಮತ್ತೆ ಗಾಳ ಹಿಡಿದು ಕೂತ. ಊರಲ್ಲಾಗಿದ್ದರೆ ತಲೆನೋವು ಅಂದುಕೊಂಡು ಮನೆಗೆ ಹೋಗಿರುತ್ತಿದ್ದ. ಅರ್ಧ ಗಂಟೆಗೆಲ್ಲ ನಮಗಿಂತ ಚೆನ್ನಾಗಿದ್ದ.

ಇಲ್ಲಿ ರಾಡ್ ಇಲ್ಲ, ರೀಲ್ ಇಲ್ಲ. ನೈಲಾನ್ ದಾರ, ತುದಿಗೆ ಸೀಸದ ಗುಂಡು, ಅದರ ಮೇಲೆ ಎರಡು ಗಾಳ, ಗಾಳಕ್ಕೆ ಬೂತಾಯಿ ಮೀನಿನ ತುಂಡು. ದಾರವನ್ನು ತೋರುಬೆರಳಿನ ಮೊದಲ ಗೆಣ್ಣಿನ ಮೇಲೆ ಹಾಯಿಸಿಕೊಂಡು ಕೂರಬೇಕು. ನಾಡಿ ಹಿಡಿದ ಪಂಡಿತರ ಹಾಗೆ. ಅಲೆ ದೋಣಿಯನ್ನು ಎತ್ತಿದಾಗ ಗುಂಡು ತಳ ಬಿಡುತ್ತದೆ, ಇಳಿದಾಗ ಟಕ್ ಅಂತ ಕೂರುತ್ತದೆ. ಹೊಸಬರಿಗೆ ಆ ಟಕ್ಕೇ ಮೀನು. ಇನ್ನೊಂದು, ನೀರಿನ ಸೆಳೆತ ದಾರವನ್ನು ನಿಧಾನವಾಗಿ ಒಂದೇ ಸಮ ಎಳೆಯುವುದು. ಅದೂ ಮೀನಲ್ಲ. ಮೀನು ಬಂದರೆ ಸಣ್ಣಗೆ ಎರಡು ಚಿಟುಕು, ಒಂದು ಬಿಡುವು, ಆಮೇಲೆ ಗಟ್ಟಿ ಜಗ್ಗು. ಆ ಬಿಡುವಿನಲ್ಲಿ ಎಳೆದರೆ ಗಾಳ ಬರಿದು, ತಡ ಮಾಡಿದರೂ ಬರಿದು. "ಎಂತ ಸರ್, ಎಳಿಯುದು ಯಾವಾಗ? ಅದು ಊಟ ಮಾಡಿ ಮನೆಗೆ ಹೋಯ್ತು" ಅನ್ನುತ್ತಿದ್ದರು ದೋಣಿಯವರು. ಉಪ್ಪು ನೀರಿಗೆ ಬೆರಳ ಚರ್ಮ ಮೆತ್ತಗಾಗಿ ಅದರ ಮೇಲೆ ದಾರದ ಗೆರೆ ಮೂಡುತ್ತದೆ. ಮೊಬೈಲ್ ಬೆರಳಚ್ಚು ಒಪ್ಪುವುದಿಲ್ಲ.

ಮೊದಲು ಸಿಕ್ಕಿದ್ದು ತೇಡೆ. ಮೀಸೆಯ ಮೀನು, ಬೆನ್ನ ಮೇಲೊಂದು, ಪಕ್ಕಕ್ಕೊಂದೊಂದು ಹಲ್ಲುಹಲ್ಲಾದ ಮುಳ್ಳು. ಚುಚ್ಚಿದರೆ ವಿಷ ಏರಿ ಕೈ ಬಾತುಕೊಳ್ಳುತ್ತದೆ. ದೋಣಿಯೊಳಗೆ ಬಿದ್ದ ಮೇಲೆ ಅದು ಗೊರ್ ಗೊರ್ ಅಂತ ಸದ್ದು ಮಾಡತೊಡಗಿತು. ಮೀನಿಗೆ ಬಾಯಿಲ್ಲ ಅಂದುಕೊಂಡಿದ್ದ ವೈಟ್‌ಫೀಲ್ಡ್ ಹಿಂದಕ್ಕೆ ಸರಿದ. ಅವನು ಸಸ್ಯಾಹಾರಿ. ಮೊಸರನ್ನ ಕಟ್ಟಿಸಿಕೊಂಡು ಬಂದಿದ್ದ, ಗಾಳ ಮುಟ್ಟಲಿಲ್ಲ. ಆದರೆ ನಮ್ಮ ದಾರಗಳು ಒಂದಕ್ಕೊಂದು ಸಿಕ್ಕುಬಿದ್ದಾಗ ಬಿಡಿಸುವ ಕೆಲಸ ತಾನಾಗಿ ವಹಿಸಿಕೊಂಡ. ಕತ್ತರಿಸಿ ಅಂದರೂ ಕೇಳದೆ ಗಂಟು ಗಂಟೂ ಬಿಡಿಸುತ್ತಿದ್ದ. ಅಷ್ಟು ಸಂತೋಷವಾಗಿ ಅವನು ಆಫೀಸಿನ ಕೆಲಸ ಮಾಡಿದ್ದನ್ನು ನಾನು ಕೇಳಿಲ್ಲ.

ಗಾಳ ಹಾಕುವವರು ದೋಣಿಯ ಎರಡೂ ಅಂಚಿಗೆ ಮುಖ ಮಾಡಿ ಕೂರುತ್ತಾರೆ, ಅಂದರೆ ಬೆನ್ನಿಗೆ ಬೆನ್ನು. ಹೋಟೆಲ್ ಟೇಬಲ್ಲಿನಲ್ಲಿ ಎದುರೆದುರು ಕೂತಾಗ ಮುಖ ನೋಡಿ ಮಾತಾಡಬೇಕು, ಮುಖ ನೋಡಿದರೆ ಅರ್ಧ ಮಾತು ಹಿಂದೆ ಸರಿಯುತ್ತದೆ. ಇಲ್ಲಿ ಎಲ್ಲರೂ ನೀರಿಗೆ ಮಾತಾಡುತ್ತಾರೆ. ತುಂಬ ಹೊತ್ತು ಯಾರೂ ಏನೂ ಹೇಳಿರಲಿಲ್ಲ. ಆಗ ಬನಶಂಕರಿ, "ತಿಪಟೂರಿನ ಮನೆ ಕೊಟ್ಬಿಟ್ಟೆ ಕಣ್ರೋ" ಅಂದ. ಅವರಪ್ಪ ಕಟ್ಟಿಸಿದ ಮನೆ. ರಜೆಯಲ್ಲಿ ನಾವೆಲ್ಲ ಹೋಗಿ ಅಟ್ಟದ ಮೇಲೆ ಮಲಗಿದ್ದ ಮನೆ. ಬೆಂಗಳೂರಿನಲ್ಲಿ ಈ ಮಾತು ಬಿದ್ದಿದ್ದರೆ "ಎಷ್ಟಕ್ಕೆ ಹೋಯ್ತು?" ಅಂತ ಮೂರು ಜನ ಒಟ್ಟಿಗೆ ಕೇಳಿರುತ್ತಿದ್ದೆವು. ಇಲ್ಲಿ ಯಾರೂ ಕೇಳಲಿಲ್ಲ. "ಹಿತ್ತಲ ಹಲಸಿನ ಮರ?" ಅಂದ ಯಲಹಂಕ. "ಅದೂ ಹೋಯ್ತು." ಇನ್ನೇನೋ ಹೇಳುವವನಿದ್ದ. ಅಷ್ಟರಲ್ಲಿ ದೋಣಿಯವರು ಎದ್ದು ನಿಂತು "ಎಳೀರಿ, ಎಳೀರಿ, ಬಂಗುಡೆ ಬಂತು" ಎಂದು ಕೂಗಿದರು.

ಬಂಗುಡೆ ಗುಂಪು ಕಟ್ಟಿ ಓಡಾಡುವ ಮೀನು. ಇಲ್ಲ ಅಂದರೆ ಒಂದೂ ಇಲ್ಲ, ಬಂತು ಅಂದರೆ ದೋಣಿಯ ಸುತ್ತ ನೀರೇ ಕುದಿಯುತ್ತದೆ. ಅದಕ್ಕೆ ಬೇರೆ ದಾರ. ಸಾಲಾಗಿ ಸಣ್ಣ ಗಾಳಗಳು, ಪ್ರತಿಯೊಂದಕ್ಕೂ ಹೊಳೆಯುವ ಚೂರು ಕಟ್ಟಿರುತ್ತದೆ, ಎರೆ ಬೇಕಿಲ್ಲ. ಇಳಿಬಿಟ್ಟು ಕುಣಿಸಿದರೆ ಒಂದೇ ಎಳೆತಕ್ಕೆ ಮೂರು ನಾಲ್ಕು. ಹಲಗೆಯ ಮೇಲೆ ಬಿದ್ದ ಬಂಗುಡೆಯ ಬಾಲ ಎಷ್ಟು ವೇಗವಾಗಿ ಬಡಿದುಕೊಳ್ಳುತ್ತದೆ ಅಂದರೆ ಸದ್ದು ಬಿಡಿಬಿಡಿಯಾಗಿ ಕೇಳುವುದೇ ಇಲ್ಲ. ಬೆನ್ನು ಹಸಿರು, ಹಸಿರಿನ ಮೇಲೆ ಕಪ್ಪು ಗೆರೆ, ಪಕ್ಕದಲ್ಲಿ ಬೆಳ್ಳಿಯೊಳಗೆ ತೆಳು ಹಳದಿ, ಗುಲಾಬಿ. ಕೆಲವೇ ನಿಮಿಷ. ನೋಡುತ್ತಿದ್ದಂತೆಯೇ ಬಣ್ಣ ಆರಿ ಅದು ನಮಗೆ ಪರಿಚಯವಿರುವ ಮಾರ್ಕೆಟ್ ಬಂಗುಡೆಯಾಗುತ್ತದೆ. ಇಷ್ಟು ವರ್ಷ ನಾನು ಬಂಗುಡೆಯ ಬಣ್ಣ ಅಂದುಕೊಂಡದ್ದು ಬಣ್ಣ ಹೋದ ಮೇಲೆ ಉಳಿಯುವುದನ್ನು.

ಬುಟ್ಟಿ ಅರ್ಧ ತುಂಬಿದಾಗ ನಾವು ಕುಣಿದಾಡುವುದೊಂದು ಬಾಕಿ. ದೋಣಿಯವರು ಇಣುಕಿ ನೋಡಿ, "ಬಲೆಗೆ ಇಷ್ಟೇ ಬಿದ್ರೆ ನಮಗೆ ಎಣ್ಣೆ ಖರ್ಚೂ ಹುಟ್ಟುದಿಲ್ಲ" ಅಂದರು. ನಕ್ಕೇ ಅಂದರು. ಆದರೆ ಬಾಡಿಗೆಗೆ ಬರುವವರು ಇರುವುದರಿಂದ ಈ ದಿನದ ಎಣ್ಣೆ ಹುಟ್ಟಿದೆ ಅನ್ನುವ ಲೆಕ್ಕವೂ ಆ ನಗುವಿನಲ್ಲಿತ್ತು. ಅವರ ಮಗ ಇರುವುದು ಬೆಂಗಳೂರಿನಲ್ಲಂತೆ, ಮಾರತ್‌ಹಳ್ಳಿ ಕಡೆ. ಕಡಲಿಗೆ ಬರುವುದಿಲ್ಲವಾ ಅಂದದ್ದಕ್ಕೆ, "ಅವನಿಗೆ ದೋಣಿಯಲ್ಲಿ ವಾಂತಿ" ಅಂದರು. ಬನಶಂಕರಿಗೆ ತುಂಬ ಸಮಾಧಾನವಾಯಿತು.

ಕೊನೆಗೆ ಯಲಹಂಕನ ದಾರಕ್ಕೆ ಮುರು ಮೀನು ಬಿತ್ತು. ಅಗಲ ಬಾಯಿ, ಕಂದು ಮೈ. ಗಾಳ ಕಚ್ಚಿದ ಕೂಡಲೇ ಇದು ಕಲ್ಲಿನ ಸಂದಿಗೆ ನುಗ್ಗಲು ನೋಡುತ್ತದೆ, ನುಗ್ಗಿತೋ ದಾರ ಹರಿಯಿತು ಅಂತಲೇ. ಯಲಹಂಕ ಎರಡು ಮಾರು ಎಳೆದ, ಮೀನು ಮೂರು ಮಾರು ಎಳೆದುಕೊಂಡಿತು. ದೋಣಿಯವರು ದಾಟಿ ಬಂದು ಅವನ ಕೈಯಿಂದ ದಾರ ತೆಗೆದುಕೊಂಡು, ಒಂದೇ ಸಮ, ಅವಸರವಿಲ್ಲದೆ ಮೇಲೆತ್ತಿದರು. ಎರಡು ಕೆಜಿ ಇರಬಹುದು ಅಂದರು. ಯಲಹಂಕ ಐದು ಅಂದ.

ಬಂದರಿನ ಹತ್ತಿರದ ಊಟದ ಹೋಟೆಲಿನವರು ನಮ್ಮ ಬಂಗುಡೆಗೆ ಮಸಾಲೆ ಹಚ್ಚಿ ಕಾಯಿಸಿ ಕೊಟ್ಟರು. ಕುಚ್ಚಲಕ್ಕಿ ಅನ್ನದ ಜೊತೆ ಎಷ್ಟು ಹೋಯಿತೋ ಲೆಕ್ಕವಿಲ್ಲ. ವೈಟ್‌ಫೀಲ್ಡ್ ಪಕ್ಕದಲ್ಲಿ ಕೂತು ಮೊಸರನ್ನ ಉಂಡ. ಮುರುವನ್ನು ಐಸಿನ ಡಬ್ಬದಲ್ಲಿ ಊರಿಗೆ ತಂದು ಯಲಹಂಕನ ಮನೆಯಲ್ಲಿ ಗಸಿ ಮಾಡಿಸುವುದು ಅಂತಾಯಿತು. ವಾಟ್ಸಾಪ್ ಗುಂಪಿನಲ್ಲಿ ಅದರ ಫೋಟೊ ನಾವು ಬಸ್ಸು ಹತ್ತುವ ಮುಂಚೆಯೇ ಬಂದಿತ್ತು. ಮೂಲ ಫೋಟೊ ತೆಗೆದದ್ದು ನಾನು. ಅದರಲ್ಲಿ ಮೀನನ್ನು ಕಿವಿರು ಹಿಡಿದು ಎತ್ತಿದ್ದದ್ದು ದೋಣಿಯವರ ಕೈ. ಯಲಹಂಕ ಕಳಿಸಿದ್ದರಲ್ಲಿ ಆ ಕೈ ಮಣಿಕಟ್ಟಿನವರೆಗೆ ಮಾತ್ರ ಇದೆ. ಅವನ ಮನೆಯವರು ಕೇಳಿದರಂತೆ: "ಏನ್ರೀ, ಒಂದೇ ದಿನಕ್ಕೆ ಕೈ ಇಷ್ಟು ಕಪ್ಪಾಗಿದೆ?"