ಯಂತ್ರ ಯಾಕೆ ಒಂದು ಮಾತೂ ಕೇಳಲಿಲ್ಲ?

ವಿಮಾನ ಅಪಘಾತದ ತನಿಖಾ ವರದಿ ಹೊರಬಿದ್ದ ದಿನ ಪತ್ರಿಕೆಗಳ ತಲೆಬರಹ ಹೆಚ್ಚುಕಡಿಮೆ ಒಂದೇ: 'ಪೈಲಟ್ ತಪ್ಪಿನಿಂದ ದುರಂತ'. ಅಲ್ಲಿಗೆ ಕಡತ ಮುಚ್ಚಿದ ಹಾಗೆ. ಪ್ರತಿಕ್ರಿಯೆಗಳಲ್ಲಿ ಯಾರಾದರೊಬ್ಬರು, ಮನುಷ್ಯರನ್ನು ತೆಗೆದು ಎಲ್ಲವನ್ನೂ ಕಂಪ್ಯೂಟರ್‌ಗೆ ಬಿಟ್ಟರೆ ಮುಗಿಯಿತಲ್ಲ ಅಂತ ಬರೆದೇ ಇರುತ್ತಾರೆ. ಈ ಎರಡೂ ಮಾತನ್ನು ನಾನು ಒಪ್ಪುವುದಿಲ್ಲ. ವರದಿಗಳನ್ನು ಪೂರ್ತಿ ಓದಿ ನೋಡಿ. ಪೈಲಟ್ ತಪ್ಪು ಅಂಕಿ ಒತ್ತಿದ್ದು ನಿಜ. ಆದರೆ ಅದು ತಪ್ಪೆಂದು ತಿಳಿಯಲು ಬೇಕಾದ ಮಾಹಿತಿ ಎಷ್ಟೋ ಸಲ ಅದೇ ಕಾಕ್‌ಪಿಟ್‌ನ ಯಂತ್ರಗಳೊಳಗೆ ಇತ್ತು. ಅವು ತುಟಿ ಬಿಚ್ಚಲಿಲ್ಲ, ಅಷ್ಟೇ.

1990ರ ಫೆಬ್ರವರಿ 14ರಂದು ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ320 ಬೆಂಗಳೂರಿನಲ್ಲಿ ಇಳಿಯುವಾಗ ರನ್‌ವೇ ತಲುಪುವ ಮೊದಲೇ ನೆಲಕ್ಕೆ ಬಡಿಯಿತು. 146 ಜನರಲ್ಲಿ 92 ಮಂದಿ ಸತ್ತರು. ತನಿಖೆ ಹೆಚ್ಚು ಸಂಭವನೀಯವೆಂದು ಕಂಡ ಕಾರಣ ಇದು: ಇಳಿಯುವ ವೇಗವನ್ನು ನಿಮಿಷಕ್ಕೆ 700 ಅಡಿಗೆ ಹೊಂದಿಸಲು ಹೋದ ಕೈ, ಎತ್ತರವನ್ನು ಹೊಂದಿಸುವ ಗುಂಡಿಯನ್ನು ತಿರುಗಿಸಿತು. 700 ಅಡಿ ಎತ್ತರಕ್ಕೆ ಇಳಿಯಬೇಕು ಎಂದುಕೊಂಡ ವ್ಯವಸ್ಥೆ ಎಂಜಿನ್‌ಗಳನ್ನು ಐಡಲ್‌ಗೆ, ಅಂದರೆ ಕನಿಷ್ಠ ಶಕ್ತಿಗೆ ತಂದಿತು. ಆ ವಿಮಾನ ನಿಲ್ದಾಣ ಇರುವುದೇ ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಎತ್ತರದಲ್ಲಿ. ಅಂದರೆ ನೆಲಕ್ಕಿಂತ ಎರಡು ಸಾವಿರ ಅಡಿ ಕೆಳಗಿನ ಎತ್ತರವೊಂದನ್ನು ಯಂತ್ರ ಮರುಮಾತಿಲ್ಲದೆ ಸ್ವೀಕರಿಸಿತು. ವಿಮಾನದ ಹಾರಾಟದ ವೇಗ ಕುಸಿಯುವುದನ್ನು ಇಬ್ಬರು ಪೈಲಟ್‌ಗಳೂ ಗಮನಿಸಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ 'ಇದು ಆಗದ ಎತ್ತರ' ಎಂದು ಎಚ್ಚರಿಸುವ ಕೆಲಸ ಯಾರದ್ದಾಗಿತ್ತು?

ಎರಡು ವರ್ಷದ ನಂತರ, 1992ರ ಜನವರಿಯಲ್ಲಿ, ಅದೇ ಮಾದರಿಯ ವಿಮಾನ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಬಳಿ ರಾತ್ರಿ ಬೆಟ್ಟಕ್ಕೆ ಅಪ್ಪಳಿಸಿ 87 ಜನ ಸತ್ತರು. ಅಲ್ಲಿ ಬಲವಾಗಿ ಶಂಕಿಸಿದ್ದು '33' ಎಂಬ ಅಂಕಿಯನ್ನು. ಆಟೋಪೈಲಟ್‌ನ ಒಂದು ಮೋಡ್‌ನಲ್ಲಿ ಅದು 3.3 ಡಿಗ್ರಿ ಇಳಿಜಾರು, ಇನ್ನೊಂದರಲ್ಲಿ ನಿಮಿಷಕ್ಕೆ 3,300 ಅಡಿ ಕುಸಿತ. ಅಂಕಿ ತೋರಿಸುವ ಪುಟ್ಟ ಪರದೆಯಲ್ಲಿ ಕಾಣುತ್ತಿದ್ದದ್ದು ಹೆಚ್ಚುಕಡಿಮೆ ಅವೇ ಎರಡು ಅಂಕೆ. ಆಮೇಲೆ ಏರ್‌ಬಸ್ ಆ ಪ್ರದರ್ಶನವನ್ನು ಬದಲಿಸಿ ನಾಲ್ಕು ಅಂಕೆಗಳನ್ನೂ ತೋರಿಸುವಂತೆ ಮಾಡಿತು. ತಪ್ಪೆಲ್ಲ ಪೈಲಟ್‌ನದ್ದೇ ಆಗಿದ್ದರೆ ಪರದೆಯನ್ನು ಬದಲಿಸುವ ಅಗತ್ಯವೇನಿತ್ತು?

ಕೊಲಂಬಿಯಾದ ಕಾಲಿಯ ಕಥೆ ಇನ್ನೂ ಕಹಿ. 1995ರ ಡಿಸೆಂಬರ್ 20ರ ರಾತ್ರಿ ಅಮೆರಿಕನ್ ಏರ್‌ಲೈನ್ಸ್‌ನ ಬೋಯಿಂಗ್ 757 ಇಳಿಯುವ ಆತುರದಲ್ಲಿತ್ತು. ರೋಝೋ ಎಂಬ ರೇಡಿಯೋ ಬೀಕನ್‌ನತ್ತ (ದಾರಿ ತೋರುವ ರೇಡಿಯೋ ಕೇಂದ್ರದತ್ತ) ಹೋಗಬೇಕಿತ್ತು. ನಕ್ಷೆಯಲ್ಲಿ ಅದರ ಗುರುತು 'ಆರ್'. ದಾರಿ ನಿರ್ದೇಶಿಸುವ ಕಂಪ್ಯೂಟರ್‌ನಲ್ಲಿ ಪೈಲಟ್ 'ಆರ್' ಒತ್ತಿದ. ಪಟ್ಟಿಯ ಮೊದಲಿಗೆ ಬಂದದ್ದು ಬೊಗೋಟಾ ಹತ್ತಿರದ ರೋಮಿಯೋ ಎಂಬ ಬೇರೆಯೇ ಬೀಕನ್. ರೋಝೋವನ್ನು ಆ ಕಂಪ್ಯೂಟರ್ ಗುರುತಿಸುತ್ತಿದ್ದದ್ದು ಪೂರ್ತಿ ಹೆಸರು ಒತ್ತಿದರೆ ಮಾತ್ರ. ವಿಮಾನ ಕತ್ತಲಲ್ಲಿ ಎಡಕ್ಕೆ, ಬೆಟ್ಟಗಳ ಕಡೆಗೆ ತಿರುಗಿತು. 163 ಜನರಲ್ಲಿ ಬದುಕಿದ್ದು ನಾಲ್ವರು. ಪರಸ್ಪರ ಖಚಿತಪಡಿಸಿಕೊಳ್ಳದೆ, ಹೊಸ ದಾರಿಯನ್ನು ಜಾರಿಗೆ ತರುವ 'ಎಕ್ಸಿಕ್ಯೂಟ್' ಒತ್ತಿದ್ದು ಗಂಭೀರ ತಪ್ಪು, ಅದನ್ನು ಮನ್ನಿಸಿ ಎಂದು ನಾನು ಹೇಳುವುದಿಲ್ಲ. ಆದರೆ 2000ದಲ್ಲಿ ಅಮೆರಿಕದ ಜ್ಯೂರಿ ಹೊಣೆಯನ್ನು ಹಂಚಿದ್ದು ಹೀಗೆ: ಶೇ. 75 ವಿಮಾನ ಸಂಸ್ಥೆಗೆ, ಶೇ. 17 ದತ್ತಾಂಶ ಒದಗಿಸಿದ ಜೆಪ್ಪೆಸೆನ್‌ಗೆ, ಶೇ. 8 ಕಂಪ್ಯೂಟರ್ ತಯಾರಿಸಿದ ಹನಿವೆಲ್‌ಗೆ. ತಲೆಬರಹಗಳಲ್ಲಿ ಈ ಶೇ. 25 ಎಂದೂ ಕಾಣುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಯಾರೂ ಸಾಯದ ಒಂದು ಘಟನೆ. 2009ರ ಮಾರ್ಚ್ 20, ಮೆಲ್ಬರ್ನ್. ದುಬೈಗೆ ಹೊರಟ ಎಮಿರೇಟ್ಸ್‌ನ ಎ340-500. ಟೇಕಾಫ್ ಲೆಕ್ಕ ಹಾಕುವ ಲ್ಯಾಪ್‌ಟಾಪಿಗೆ ತುಂಬಬೇಕಿದ್ದ ತೂಕ 362.9 ಟನ್, ಹೋದದ್ದು 262.9. ಒಂದೇ ಒಂದು ಅಂಕೆ, ನೂರು ಟನ್ ವ್ಯತ್ಯಾಸ. ಕಾಕ್‌ಪಿಟ್‌ನಲ್ಲಿ ನಾಲ್ವರು ಪೈಲಟ್‌ಗಳಿದ್ದರು. ತಪ್ಪು ಹಿಡಿಯಲೆಂದೇ ಹಲವು ಹಂತದ ಪರಿಶೀಲನೆಗಳಿದ್ದವು. ಒಂದರಲ್ಲೂ ಅದು ಸಿಕ್ಕಿಬೀಳಲಿಲ್ಲ. ಹಗುರ ವಿಮಾನಕ್ಕೆ ಸಾಕಾಗುವಷ್ಟೇ ಎಂಜಿನ್ ಶಕ್ತಿಯಲ್ಲಿ ಭಾರದ ವಿಮಾನ ಓಡಿತು, ಏಳಲಾರದೆ ಬಾಲವನ್ನು ರನ್‌ವೇಗೆ ಉಜ್ಜಿತು, ರನ್‌ವೇ ತುದಿಯನ್ನೂ ದಾಟಿತು. ಕೊನೆ ಗಳಿಗೆಯಲ್ಲಿ ಕ್ಯಾಪ್ಟನ್ ಪೂರ್ಣ ಶಕ್ತಿ ಕೊಟ್ಟಿದ್ದರಿಂದ 275 ಜೀವ ಉಳಿಯಿತು.

ಓಡುವಾಗಲೇ ನಿಧಾನ ಅನ್ನಿಸಬಾರದಿತ್ತೇ ಎಂದು ಕೇಳುವವರಿಗೆ ಆಸ್ಟ್ರೇಲಿಯಾದ ತನಿಖೆಯಲ್ಲಿ ಉತ್ತರವಿದೆ. ಇಂಥ ದೊಡ್ಡ ವಿಮಾನದ ತೂಕ ಒಂದು ಹಾರಾಟದಿಂದ ಇನ್ನೊಂದಕ್ಕೆ ಬಹಳ ಬದಲಾಗುತ್ತದೆ. ಎಂಜಿನ್ ಸವೆತ ತಪ್ಪಿಸಲು ಕಡಿಮೆ ಶಕ್ತಿಯಲ್ಲಿ ಏರುವುದೂ ರೂಢಿ. ಹಾಗಾಗಿ 'ಮಾಮೂಲು ವೇಗ' ಎಂಬ ಅನುಭವವೇ ಪೈಲಟ್‌ನ ಮೈಯಲ್ಲಿ ಕೂರುವುದಿಲ್ಲ. ಇನ್ನು ಯಂತ್ರದ ಪಾಲು ನೋಡಿ. ವಿಮಾನದ ಮುಖ್ಯ ಕಂಪ್ಯೂಟರ್‌ನಲ್ಲಿ ಸರಿಯಾದ ತೂಕವೇ ಇತ್ತು! ಪಕ್ಕದಲ್ಲೇ ನೂರು ಟನ್ ಹಗುರ ವಿಮಾನದ ಟೇಕಾಫ್ ವೇಗಗಳನ್ನು ತುಂಬಿದಾಗ, ಎರಡನ್ನೂ ಹೋಲಿಸಿ ನೋಡುವ ಕೆಲಸವನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ಈ ಸಾಲು ಓದಿದಾಗ ನನಗೆ ಬಂದದ್ದು ಪೈಲಟ್ ಮೇಲಿನ ಸಿಟ್ಟಲ್ಲ.

ಪರಸ್ಪರ ಪರಿಶೀಲನೆ ಎಂಬ ನಂಬಿಕೆಯ ಬಗ್ಗೆಯೂ ಒಂದು ಮಾತು. ಒಬ್ಬರು ಅಂಕಿ ಓದುವುದು, ಇನ್ನೊಬ್ಬರು 'ಚೆಕ್ಡ್' ಅನ್ನುವುದು ಪರಿಶೀಲನೆಯೇ ಅಲ್ಲ. ಇಬ್ಬರೂ ಬೇರೆಬೇರೆಯಾಗಿ, ಮೂಲ ಕಾಗದದಿಂದ ಲೆಕ್ಕ ಹಾಕಿ ಕೊನೆಗೆ ಹೋಲಿಸಿದರೆ ಮಾತ್ರ ಎರಡನೇ ಕಣ್ಣಿಗೆ ಅರ್ಥ. ಹೊರಡುವ ಒತ್ತಡದಲ್ಲಿ, ನಡುನಡುವೆ ಯಾರ್‍ಯಾರೋ ಬಾಗಿಲು ತಟ್ಟುತ್ತಿರುವಾಗ, ಮೊದಲು ಬಲಿಯಾಗುವುದು ಇದೇ. ಅದಕ್ಕೆ ಬೇಕಾದ ನಿಮಿಷಗಳನ್ನು ಕೊಡುವುದು ವಿಮಾನ ಸಂಸ್ಥೆಗಳ ಹೊಣೆ.

ಮನುಷ್ಯರನ್ನೇ ತೆಗೆಯಿರಿ ಅನ್ನುವವರಿಗೆ 2015ರ ಸಿಡ್ನಿ ಘಟನೆ ನೆನಪಿಸುತ್ತೇನೆ. ಏರ್‌ಏಷ್ಯಾ ಎಕ್ಸ್‌ನ ಎ330ರಲ್ಲಿ ಅಂದು ಹೊರಡುವ ಮುನ್ನದ ಕೆಲಸಗಳು ಪೈಲಟ್‌ಗಳ ನಡುವೆ ಅದಲುಬದಲಾಗಿದ್ದವು. ವಿಮಾನ ನಿಂತಿದ್ದ ಜಾಗವನ್ನು ಕಂಪ್ಯೂಟರ್‌ಗೆ ತುಂಬುವಾಗ ಪೂರ್ವ ರೇಖಾಂಶ 151 ಡಿಗ್ರಿ 9.8 ನಿಮಿಷ ಎನ್ನುವಲ್ಲಿ 15 ಡಿಗ್ರಿ 19.8 ನಿಮಿಷ ಸೇರಿತು. ಸುಮಾರು 11,000 ಕಿಲೋಮೀಟರ್ ಆಚೆ ಇದ್ದೇನೆಂದು ವಿಮಾನ ನಂಬಿತು. ಏರಿದ ಮೇಲೆ ಆಟೋಪೈಲಟ್ ಅದನ್ನು ಪಕ್ಕದ ರನ್‌ವೇಯ ಹಾದಿಯತ್ತ ತಿರುಗಿಸಿತು. ತಿದ್ದಲು ಹೋದಷ್ಟೂ ವ್ಯವಸ್ಥೆಗಳು ಕೈಕೊಟ್ಟವು, ಕೊನೆಗೆ ಮೆಲ್ಬರ್ನ್‌ನಲ್ಲಿ ಇಳಿಸಿದ್ದು ಆ ಪೈಲಟ್‌ಗಳೇ. ಯಂತ್ರವೊಂದೇ ಇದ್ದಿದ್ದರೆ ಆ ಅಂಕಿಯನ್ನು ಕೊನೆಯವರೆಗೂ ನಂಬಿಕೊಂಡೇ ಇರುತ್ತಿತ್ತು. ಪೈಲಟ್‌ಗಳು ಎಚ್ಚರಿಕೆಯ ಸೂಚನೆಗಳನ್ನು ಕಡೆಗಣಿಸಿದ್ದನ್ನು ವರದಿ ಬಿಡದೆ ಹೇಳುತ್ತದೆ. ಜೊತೆಗೆ ಇನ್ನೊಂದನ್ನೂ ಹೇಳುತ್ತದೆ: ಇಂಥ ತಪ್ಪನ್ನು ತಡೆಯಬಲ್ಲ ಸುಧಾರಿತ ವ್ಯವಸ್ಥೆ ಆಗಲೇ ಲಭ್ಯವಿತ್ತು, ಆ ವಿಮಾನಕ್ಕೆ ಅಳವಡಿಸಿರಲಿಲ್ಲ.

ನನ್ನ ಸಿಟ್ಟಿರುವುದು ಇಲ್ಲಿ. ತೂಕಕ್ಕೂ ವೇಗಕ್ಕೂ ತಾಳೆ ಇದೆಯೇ, ವಿಮಾನ ನಿಜವಾಗಿ ಎಲ್ಲಿದೆ, ಕೊಟ್ಟ ಎತ್ತರ ನೆಲಕ್ಕಿಂತ ಮೇಲಿದೆಯೇ ಎಂದು ಯಂತ್ರವೇ ಪರೀಕ್ಷಿಸುವುದು ಇಂದು ಸಾಧ್ಯವಿಲ್ಲದ ಕೆಲಸವಲ್ಲ. ಅದನ್ನು ವಿಮಾನ ಕೊಳ್ಳುವವರ ಇಷ್ಟಕ್ಕೆ, ಅವರ ಖರ್ಚಿನ ಲೆಕ್ಕಕ್ಕೆ ಬಿಡಬಾರದು. ವಿಮಾನಯಾನದ ನಿಯಂತ್ರಣ ಸಂಸ್ಥೆಗಳು ಕಡ್ಡಾಯ ಮಾಡಬೇಕು, ಹಾರುತ್ತಿರುವ ಹಳೆಯ ವಿಮಾನಗಳಿಗೂ ಗಡುವು ಹಾಕಬೇಕು.